ಅಮ್ಮನಿಗೆ ಹಳೇ ಫೋನು, ನಮಗೆ ಹೊಸದು – ಇದು ಸರೀನಾ?



ಊರಿಗೆ ಹೊರಡುವ ಮುಂಚೆ ನಮ್ಮೆಲ್ಲರ ಮನೆಯಲ್ಲೂ ನಡೆಯುವ ಒಂದು ಕೆಲಸವಿದೆ. ಸೂಟ್‌ಕೇಸ್ ತುಂಬುತ್ತಾ ಮೇಜಿನ ಡ್ರಾಯರ್ ಎಳೆದು, "ಈ ಹಳೇ ಫೋನು ಸುಮ್ಮನೆ ಬಿದ್ದಿದೆಯಲ್ಲ, ಅಮ್ಮನಿಗೆ ಕೊಟ್ಟರಾಯಿತು" ಎನ್ನುವುದು. ಚಾಕಲೇಟು, ಬಾದಾಮಿ, ವಿಟಮಿನ್ ಮಾತ್ರೆಗಳ ಜೊತೆ ಅದೂ ಹೋಗುತ್ತದೆ. ಹೊಸ ಫೋನು ಕೊಳ್ಳಲು ನಮಗೊಂದು ನೆಪವೂ ಸಿಗುತ್ತದೆ! ನಾನೂ ಹೀಗೆ ಮಾಡಿದವನೇ. ಇನ್ನು ಮಾಡುವುದಿಲ್ಲ. ನೀವೂ ಮಾಡಬೇಡಿ ಎಂದು ಹೇಳುವುದಕ್ಕೇ ಈ ಪತ್ರ.

2023ರಲ್ಲಿ ತೀರ್ಥಹಳ್ಳಿಗೆ ಹೋದಾಗ ಐದು ವರ್ಷ ಬಳಸಿದ ನನ್ನ ಫೋನನ್ನು ಅಮ್ಮನಿಗೆ ಕೊಟ್ಟು ಬಂದೆ. ಅಪ್ಪ ಹೋದ ಮೇಲೆ ಪಿಂಚಣಿ, ಗ್ಯಾಸು, ಕರೆಂಟ್ ಬಿಲ್ಲು ಎಲ್ಲ ಅಮ್ಮನೇ ನೋಡಿಕೊಳ್ಳುವುದು. ಒಂದು ದಿನ ಬ್ಯಾಂಕಿನ ಆ್ಯಪ್, ಈ ಫೋನಿನಲ್ಲಿ ಇನ್ನು ನಡೆಯುವುದಿಲ್ಲ ಎಂದುಬಿಟ್ಟಿತು. ಅದೇ ವಾರ ವಾಟ್ಸಾಪ್‌ನಲ್ಲಿ ಒಂದು ಸಂದೇಶ: "ನಿಮ್ಮ ಬ್ಯಾಂಕ್ ಆ್ಯಪ್ ಸರಿಪಡಿಸಲು ಇಲ್ಲಿ ಒತ್ತಿ." ಅಮ್ಮ ಒತ್ತಿದರು. ಮೂವತ್ತೆಂಟು ಸಾವಿರ ರೂಪಾಯಿ ಹೋಯಿತು.

ದುಡ್ಡು ಹೋದದ್ದಕ್ಕಿಂತ ಹೆಚ್ಚು ಸಂಕಟವಾದದ್ದು, ಅವರು ಎರಡು ವಾರ ನನಗೆ ಹೇಳಲೇ ಇಲ್ಲ ಎಂದು. ಕೇಳಿದರೆ, "ಅಲ್ಲ ಮಾರಾಯಾ, ನೀನು ಅಷ್ಟು ದೂರದಿಂದ ಪ್ರೀತಿಯಿಂದ ತಂದುಕೊಟ್ಟಿದ್ದು, ಸರಿ ಇಲ್ಲ ಅಂತ ಹೆಂಗೆ ಹೇಳೋದು?" ಅಂದರು. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹೊಸ ಫೋನಿದ್ದರೆ ಮೋಸವೇ ಆಗುತ್ತಿರಲಿಲ್ಲ ಅಂತಲ್ಲ. ಆದರೆ ಆ್ಯಪ್ ನಿಂತಿರದಿದ್ದರೆ ಅಮ್ಮ ಆ ಸಂದೇಶವನ್ನು ನಂಬುವ ಕಾರಣವೇ ಇರುತ್ತಿರಲಿಲ್ಲ.

ರಿಂಗಾಸ್ಕಿಡಿಯಲ್ಲಿರುವ ನಮಗೆ ಇದು ಬೇರೆಯವರಿಗಿಂತ ಬೇಗ ಹೊಳೆಯಬೇಕಿತ್ತು. ಕಾರ್ಕ್ ಬಂದರಿನ ಅಂಚಿನ ಈ ಪುಟ್ಟ ಊರು ಹೆಸರಾಗಿರುವುದೇ ಔಷಧಿ ಕಾರ್ಖಾನೆಗಳಿಂದ. ಫೈಜರ್ ಇಲ್ಲಿಗೆ ಬಂದದ್ದು 1969ರಲ್ಲಿ. ಇಲ್ಲಿ ಕೆಲಸ ಮಾಡುವ ಯಾರನ್ನೇ ಕೇಳಿ, ಗಡುವಿನ ದಿನಾಂಕ ಇಲ್ಲದ ಒಂದು ಡ್ರಮ್ಮೂ ಗೇಟು ದಾಟುವುದಿಲ್ಲ. ಫೋನಿಗೂ ಒಂದು ಎಕ್ಸ್‌ಪೈರಿ ಡೇಟ್ ಇದೆ, ಡಬ್ಬದ ಮೇಲೆ ಎದ್ದು ಕಾಣುವಂತೆ ಬರೆದಿರುವುದಿಲ್ಲ ಅಷ್ಟೇ. ತಯಾರಕರು ಸೆಕ್ಯುರಿಟಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ದಿನವೇ ಆ ಗಡುವು. ಆಮೇಲೆ ಕಳ್ಳರಿಗೆ ಗೊತ್ತಾದ ತೂತುಗಳು ತೂತಾಗಿಯೇ ಉಳಿಯುತ್ತವೆ. ಆ್ಯಪ್‌ಗಳೂ ಒಂದೊಂದಾಗಿ ಕೈಬಿಡುತ್ತವೆ. ಐಫೋನ್ 6ರಲ್ಲಿ 2025ರ ಮೇ ತಿಂಗಳಿಂದ ವಾಟ್ಸಾಪೇ ನಡೆಯುವುದಿಲ್ಲ. ಗಡುವು ದಾಟಿದ ಮಾತ್ರೆಯನ್ನು ಅಮ್ಮನಿಗೆ ಕಳಿಸುತ್ತೇವೆಯೇ? ಮತ್ತೆ ಫೋನನ್ನೇಕೆ?

"ಚೆನ್ನಾಗಿರುವ ಫೋನನ್ನು ಎಸೆಯುವುದು ತಪ್ಪಲ್ಲವೇ?" ಎಂದು ಕೆಲವರು ಕೇಳಬಹುದು. ನಿಜ, ತಪ್ಪು. ಹಾಗಾದರೆ ಅದನ್ನು ನಾವೇ ಬಳಸೋಣ! ಹಳೇ ಸಾಮಾನು ಇರಬೇಕಾದದ್ದು ಅದನ್ನು ನೋಡಿಕೊಳ್ಳಲು ಬಲ್ಲವರ ಹತ್ತಿರ, ಮಾರಿದ ಅಂಗಡಿಯೂ ಕಾನೂನೂ ಕೈಗೆಟಕುವ ಕಡೆ. ಇಲ್ಲಿ ಕೊಂಡ ಫೋನಿನ ಹಕ್ಕುಗಳು ಅದರ ಜೊತೆ ವಿಮಾನ ಹತ್ತುವುದಿಲ್ಲ.

ಆ ಹಕ್ಕುಗಳೇನು ಸಣ್ಣವಲ್ಲ. ಐರ್ಲೆಂಡಿನ 2022ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಸಾಮಾನಿನಲ್ಲಿ ದೋಷವಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಮೊದಲ 12 ತಿಂಗಳಲ್ಲಿ ಕಾಣಿಸಿಕೊಂಡ ದೋಷ, ಕೊಂಡಾಗಲೇ ಇತ್ತು ಎಂದೇ ಲೆಕ್ಕ. ಅಲ್ಲ ಎಂದು ತೋರಿಸುವ ಹೊಣೆ ಅಂಗಡಿಯದು. ದಾವೆ ಹೂಡಲು ಆರು ವರ್ಷದ ಅವಕಾಶವಿದೆ. "ವಾರಂಟಿ ಮುಗಿದಿದೆ, ಕಂಪನಿಯವರನ್ನೇ ಕೇಳಿ" ಎಂದು ಕೌಂಟರಿನಲ್ಲಿ ಹೇಳಿದರೆ ತಲೆಯಾಡಿಸಿ ಬರಬೇಡಿ, ಜವಾಬ್ದಾರಿ ಮಾರಿದವರದ್ದೇ. ಒಪ್ಪದಿದ್ದರೆ 2,000 ಯೂರೋವರೆಗಿನ ದೂರಿಗೆ ಸ್ಮಾಲ್ ಕ್ಲೇಮ್ಸ್ ಇದೆ, ಶುಲ್ಕ 25 ಯೂರೋ, ವಕೀಲರು ಬೇಕಿಲ್ಲ. ನಾವು ಸಂಕೋಚದ ಜನ, ಜಗಳವೇಕೆ ಎಂದು ಹೊಸದನ್ನೇ ಕೊಂಡುಬಿಡುತ್ತೇವೆ. ಹಳೆಯದು ಊರಿಗೆ ಹೋಗುವುದೂ ಹೀಗೆಯೇ!

ಹಾಗಾಗಿ ನನ್ನ ನಾಲ್ಕು ಸಲಹೆ:

1. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಕ್ಕಿಂತ ಮೊದಲು, ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ಕೇಳಿ. 2025ರ ಜೂನ್ 20ರಿಂದ ಯೂರೋಪಿನ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮವಿದೆ. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು.

2. ಫೋನು ನಿಧಾನವಾಯಿತೆಂದು ಬದಲಾಯಿಸುವ ಮುಂಚೆ ಬ್ಯಾಟರಿ ಬದಲಾಯಿಸಿ ನೋಡಿ. ಬ್ಯಾಟರಿಗೆ ಬಿಸಿಯೇ ಶತ್ರು. ದಿಂಬಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿಯ ಫೋನನ್ನಂತೂ ವಿಮಾನಕ್ಕೆ ಒಯ್ಯಲೇಬೇಡಿ.

3. ನಿಜವಾಗಿ ಮುಗಿದ ಫೋನನ್ನು ಪೂರ್ತಿ ಅಳಿಸಿ, ಪಕ್ಕದ ರಾಫೀನ್‌ನಲ್ಲಿರುವ ಕೌಂಟಿ ಕೌನ್ಸಿಲ್ ಮರುಬಳಕೆ ಕೇಂದ್ರಕ್ಕೆ ಕೊಡಿ. ಹೊಸದು ಕೊಳ್ಳುವಾಗ ಅಂಗಡಿಯವರೂ ಹಳೆಯದನ್ನು ಪುಕ್ಕಟೆ ತೆಗೆದುಕೊಳ್ಳಲೇಬೇಕು.

4. ಅಪ್ಪ ಅಮ್ಮನಿಗೆ ಫೋನನ್ನು ಊರಲ್ಲೇ, ಹೊಸದಾಗಿ, ಅವರ ಹೆಸರಿನ ಬಿಲ್ಲಿನೊಂದಿಗೆ ಕೊಡಿಸಿ. ದುಬಾರಿಯದೇ ಆಗಬೇಕಿಲ್ಲ. ಕೆಟ್ಟರೆ ಹತ್ತಿರದ ಸರ್ವಿಸ್ ಸೆಂಟರ್‌ಗೆ ಅವರೇ ಹೋಗಬಹುದು. ಜಿಯೋದಂಥ ನೆಟ್‌ವರ್ಕಿನಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಇಲ್ಲಿಂದ ಒಯ್ದ ಫೋನಿನಲ್ಲಿ 4ಜಿ ಕರೆ ಹೊಂದಿಕೆಯಾಗದಿದ್ದರೆ ಮಾಮೂಲಿ ಕರೆಯೂ ಹೋಗುವುದಿಲ್ಲ. ಜೊತೆಗೆ, ಮೋಸವಾದ ತಕ್ಷಣ ಕರೆ ಮಾಡಬೇಕಾದ 1930 ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬನ್ನಿ.

ಕಳೆದ ರಜೆಯಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ ಅಮ್ಮನಿಗೆ ಹೊಸ ಫೋನು ಕೊಡಿಸಿದೆ. "ನನಗೇಕೋ ಇಷ್ಟೆಲ್ಲಾ" ಎಂದರು, ಆದರೆ ಡಬ್ಬವನ್ನು ಈಗಲೂ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ! ನನ್ನ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ, ಇನ್ನೂ ಎರಡು ವರ್ಷಕ್ಕೆ ಮೋಸವಿಲ್ಲ.

ಈ ಭಾನುವಾರ ಊರಿಗೆ ಫೋನು ಮಾಡಿದಾಗ, "ಅಮ್ಮಾ, ಫೋನು ಹೇಗಿದೆ?" ಎಂದು ಕೇಳಿ. "ಚೆನ್ನಾಗಿದೆ" ಎಂದೇ ಹೇಳುತ್ತಾರೆ. ನಂಬಬೇಡಿ. ಸೆಟ್ಟಿಂಗ್ಸ್ ತೆರೆಸಿ, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವಾಗ ಬಂತು ಎಂದು ಓದಿಸಿ. ವರ್ಷ ಕಳೆದಿದ್ದರೆ ಏನು ಮಾಡಬೇಕೆಂದು ನಿಮಗೇ ಗೊತ್ತು.

ಏನಂತೀರಿ?

– ರಿಂಗಾಸ್ಕಿಡಿಯಿಂದ, ನಿಮ್ಮವನೇ ಒಬ್ಬ