ಎರಡೂ ಕಾಲು ಒಟ್ಟಿಗೆ ಸೋತರೆ ಡ್ರಿಪ್ ಹಾಕಿಸಿ ಕೂರಬೇಡಿ

ಪಕ್ಕದೂರಿನ ರೈತರೊಬ್ಬರು ಸೋಮವಾರ ಬೆಳಿಗ್ಗೆ ಪಾದ ಜುಮ್ಮೆನ್ನುತ್ತಿದೆ ಎಂದರು. ಮಂಗಳವಾರ ಮೆಟ್ಟಿಲು ಹತ್ತಲು ಆಗಲಿಲ್ಲ. ಕ್ಲಿನಿಕ್ಕಿನಲ್ಲಿ ‘ವೀಕ್‌ನೆಸ್’ ಅಂತ ಎರಡು ಬಾಟಲಿ ಡ್ರಿಪ್ ಏರಿಸಿದರು. ಬುಧವಾರ ಲಕ್ವ ಇರಬೇಕು ಅಂತ ಎಣ್ಣೆ ತಿಕ್ಕಿಸಲು ದೂರದೂರಿಗೆ ಹೋದರು. ಗುರುವಾರ ಕುಡಿದ ನೀರು ಮೂಗಿನಿಂದ ಬಂತು. ಶುಕ್ರವಾರ ವೆಂಟಿಲೇಟರ್. ಬದುಕಿದ್ದಾರೆ, ಆದರೆ ಎಂಟು ತಿಂಗಳಾದರೂ ಕೋಲು ಬಿಟ್ಟಿಲ್ಲ. ಆ ನಾಲ್ಕು ದಿನದಲ್ಲಿ ಒಬ್ಬರೂ ಅವರ ಮೊಣಕಾಲಿಗೆ ರಬ್ಬರ್ ಸುತ್ತಿಗೆ ತಟ್ಟಿ ನೋಡಲಿಲ್ಲ. ನನ್ನ ತಕರಾರು ಅದೇ.

ಕಾಯಿಲೆಯ ಹೆಸರು ಗಿಯಾನ್-ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್. ಭೇದಿಯೋ ಜ್ವರವೋ ಬಂದುಹೋದ ಒಂದೆರಡು ವಾರದ ಮೇಲೆ, ರೋಗಾಣುವಿನ ವಿರುದ್ಧ ಎದ್ದ ನಮ್ಮದೇ ರಕ್ಷಣಾ ಪಡೆ ದಾರಿ ತಪ್ಪಿ ನರಗಳ ಮೇಲೆ ಬೀಳುತ್ತದೆ. ಇದು ಅಂಟುರೋಗವಲ್ಲ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಒಮ್ಮೆಲೇ ಇಂಥ ರೋಗಿಗಳು ಹೆಚ್ಚಾದಾಗ ಮೊದಲ ಅನುಮಾನ ಬಿದ್ದಿದ್ದು ಕುಡಿಯುವ ನೀರಿನ ಮೇಲೆ. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು.

ಲಕ್ವ ಸಾಮಾನ್ಯವಾಗಿ ಒಂದು ಪಕ್ಕಕ್ಕೆ, ದಿಢೀರನೆ ಹೊಡೆಯುತ್ತದೆ. ಇದು ಹೆಚ್ಚಾಗಿ ಎರಡೂ ಕಾಲಿಂದ ಶುರುವಾಗಿ ದಿನದಿನಕ್ಕೆ ಮೇಲೇರುತ್ತದೆ: ತೊಡೆ, ಕೈ, ಮುಖ, ಗಂಟಲು, ಕೊನೆಗೆ ಉಸಿರು. ಹತ್ತರಲ್ಲಿ ಎರಡು ಮೂರು ಜನಕ್ಕೆ ವೆಂಟಿಲೇಟರ್ ಬೇಕಾಗುತ್ತದೆ. ಒಂದೇ ಉಸಿರಿನಲ್ಲಿ 1, 2, 3 ಎಂದು ಎಣಿಸಲು ಹೇಳಿ. ದೊಡ್ಡವರು 20 ದಾಟದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ದಾಟಿದರು ಅಂತ ಮನೆಯಲ್ಲಿ ಉಳಿಸಿಕೊಳ್ಳಲೂಬೇಡಿ. ನುಂಗಲು ಕಷ್ಟವಾದರೆ ಬಾಯಿಗೆ ಏನೂ ಹಾಕಬೇಡಿ, ಎಳನೀರು ಕೂಡ.

ಡಾಕ್ಟರಿಗೆ ಮೊದಲ ಸುಳಿವು ಕೊಡುವುದು ಆ ಸುತ್ತಿಗೆಯೇ. ತಟ್ಟಿದಾಗ ಕಾಲು ಚಿಮ್ಮದಿದ್ದರೆ ಅನುಮಾನ ಬರಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೂ, ಕಟ್ಟುಹಾವು ಕಚ್ಚಿದರೂ ಕೈಕಾಲು ಸೋಲುತ್ತವೆ, ಅದನ್ನೂ ನೋಡಬೇಕು. ಆಮೇಲೆ ನರಗಳ ಕರೆಂಟ್ ಪರೀಕ್ಷೆ, ಬೆನ್ನುಹುರಿ ನೀರಿನ ಪರೀಕ್ಷೆ. ಬೆನ್ನಿಗೆ ಸೂಜಿ ಅಂದರೆ ನಮ್ಮವರು ಸೊಂಟ ಹೋಗುತ್ತದೆ ಅಂತ ಸಹಿ ಹಾಕದೆ ಎದ್ದು ಬರುತ್ತಾರೆ. ಹಾಗೇನೂ ಆಗುವುದಿಲ್ಲ, ಒಂದೆರಡು ದಿನ ತಲೆನೋವು ಬರಬಹುದು. ಮೊದಲ ವಾರದಲ್ಲಿ ಆ ನೀರು ನಾರ್ಮಲ್ ಬಂದರೂ ಜಿಬಿಎಸ್ ಇಲ್ಲ ಎನ್ನಲಾಗದು. 15 ವರ್ಷದೊಳಗಿನ ಮಕ್ಕಳ ಕಾಲು ಹೀಗೆ ಬಿದ್ದರೆ ಪೋಲಿಯೋ ಕಣ್ಗಾವಲಿಗೆ ವರದಿ ಮಾಡಲೇಬೇಕು, ಮಲದ ಎರಡು ಸ್ಯಾಂಪಲ್ ಕಳಿಸಬೇಕು. ಆಶಾ ಕಾರ್ಯಕರ್ತೆಗೆ ಹೇಳಿ.

ಚಿಕಿತ್ಸೆ ಎರಡು: ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್, ಇಲ್ಲವೇ ಪ್ಲಾಸ್ಮಾ ಬದಲಾವಣೆ. ಇಂಜೆಕ್ಷನ್ 60 ಕೆಜಿ ತೂಕದವರಿಗೆ ಐದು ದಿನದಲ್ಲಿ ಒಟ್ಟು 120 ಗ್ರಾಂ ಬೇಕು, ಅಂದರೆ 5 ಗ್ರಾಮಿನ 24 ಬಾಟಲಿ. ಖರ್ಚು ಲಕ್ಷಗಟ್ಟಲೆ. ಪ್ಲಾಸ್ಮಾ ಬದಲಾವಣೆಯೂ ಅಷ್ಟೇ ಗುಣ ಕೊಡುತ್ತದೆ, ಅನುಕೂಲ ಇದೆಯಾ ಎಂದು ಬಾಯಿಬಿಟ್ಟು ಕೇಳಿ. ಸ್ಟೀರಾಯ್ಡ್ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ತಾಲ್ಲೂಕಿಗೊಬ್ಬ ನರರೋಗ ತಜ್ಞರನ್ನು ಕೊಡಿ ಅಂತ ನಾನು ಕೇಳುತ್ತಿಲ್ಲ, ಕೊಡುವುದೂ ಇಲ್ಲ ಬಿಡಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಒಂದು ಸುತ್ತಿಗೆ ಇರಲಿ. ‘ಹೋದ ವಾರ ಭೇದಿ ಆಗಿತ್ತಾ?’ ಎಂಬ ಪ್ರಶ್ನೆ ಇರಲಿ. ವೆಂಟಿಲೇಟರ್ ಖಾಲಿ ಇರುವ ಆಸ್ಪತ್ರೆ ಯಾವುದೆಂದು ಫೋನ್ ಮಾಡಿ ತಿಳಿದುಕೊಂಡೇ ಆಂಬ್ಯುಲೆನ್ಸ್ ಹತ್ತಿಸಲಿ. ಆ ರೈತರನ್ನು ಮೂರು ಆಸ್ಪತ್ರೆ ಬಾಗಿಲಿಗೆ ಸುತ್ತಿಸಿದರು.

ಅವರಿಗೆ ಅದಕ್ಕೂ ಹತ್ತು ದಿನ ಮೊದಲು ಭೇದಿ ಆಗಿತ್ತಂತೆ, ಅವರ ಬೀದಿಯಲ್ಲಿ ಇನ್ನೂ ಕೆಲವರಿಗೂ ಆಗಿತ್ತು. ಟ್ಯಾಂಕ್ ತೊಳೆದದ್ದು ಯಾವಾಗ ಎಂದು ಪಂಚಾಯಿತಿಯಲ್ಲಿ ಕೇಳಿದೆ. ರಿಜಿಸ್ಟರ್ ತೆಗೆದು ತೋರಿಸಿದರು. ಕೊನೆಯ ಸಾಲಿನಲ್ಲಿ ಸಹಿ ಇತ್ತು, ತಾರೀಖು ಇರಲಿಲ್ಲ.