ಬೀಜ ಗುರುತಿಸಿ ಸೀಟು ಪಡೆದವರು ಬ್ಯಾಂಕ್ ಪರೀಕ್ಷೆ ಯಾಕೆ ಬರೀತಾರೆ?

ರೈತರ ಮಕ್ಕಳ ಕೋಟಾದಲ್ಲಿ ಬಿಎಸ್ಸಿ ಕೃಷಿ ಸೀಟು ಬೇಕಂದ್ರೆ ಸಿಇಟಿ ಬರೆದರಷ್ಟೇ ಸಾಲದು, ಪ್ರಾಯೋಗಿಕ ಪರೀಕ್ಷೆನೂ ಕೊಡಬೇಕು. ಎದುರಿಗಿಟ್ಟ ಬೀಜ, ಸಲಕರಣೆ ನೋಡಿ ಗುರುತಿಸಬೇಕು. ನವಣೆ ಯಾವುದು, ಸಾಮೆ ಯಾವುದು ಅಂತ ನಾನು ಯೋಚಿಸಲೇ ಇಲ್ಲ. ಅಪ್ಪನ ಹೊಲದಲ್ಲಿ ಕಲಿತದ್ದು.

ಒಳಗೆ ಹೋದಮೇಲೆ ಆ ಕಲಿಕೆಗೆ ಕೆಲಸವೇ ಇರಲಿಲ್ಲ. ನಾಲ್ಕು ವರ್ಷ ಪಾಠ, ಪರೀಕ್ಷೆ, ರೆಕಾರ್ಡ್ ಎಲ್ಲಾ ಇಂಗ್ಲಿಷ್. ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗೆ ಕಳಿಸಿದರು. ರೈತರೊಬ್ಬರು ಮೆಕ್ಕೆಜೋಳದ ಸುಳಿ ಬಿಡಿಸಿ ಹುಳ ತೋರಿಸಿ, 'ಇದಕ್ಕೇನ್ ಮಾಡೋದಪ್ಪ?' ಅಂದ್ರು. ನನ್ನ ಬಾಯಿಗೆ ಮೊದಲು ಬಂದಿದ್ದು ಸ್ಪೊಡಾಪ್ಟೆರಾ ಫ್ರುಗಿಪರ್ಡಾ! ಔಷಧ ಸುಳಿಯೊಳಗೇ ಬೀಳಬೇಕು, ಬೆಳಿಗ್ಗೆ ಅಥವಾ ಸಂಜೆ ಹೊಡೀಬೇಕು ಅನ್ನೋ ಸರಳ ಮಾತು ಆಮೇಲೆ ಬಂತು. ಅಷ್ಟರಲ್ಲಿ ಅವರು ಅಂಗಡಿಯವನಿಗೆ ಫೋನ್ ಮಾಡ್ತಿದ್ದರು.

ಭಾರತದಲ್ಲಿ ಈ ಸೈನಿಕ ಹುಳು ಮೊದಲು ಪತ್ತೆಯಾಗಿದ್ದು 2018ರಲ್ಲಿ, ನಮ್ಮ ರಾಜ್ಯದಲ್ಲೇ. ಗುರುತಿಸಿದ್ದು ಶಿವಮೊಗ್ಗದ ಕೃಷಿ ವಿವಿ ವಿಜ್ಞಾನಿಗಳು. ಅಂದ್ರೆ ಜ್ಞಾನಕ್ಕೆ ಬರ ಇಲ್ಲ. ಅದು ಹೊಲ ಮುಟ್ಟೋಕೆ ಜನ ಬೇಕು. ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳೇನೋ ಇವೆ. ಆದರೆ ಕೃಷಿ ಇಲಾಖೆಯಲ್ಲಿ ಹುದ್ದೆಗಳು ವರ್ಷಗಟ್ಟಲೆ ಖಾಲಿ. ಇರುವವರಿಗೆ ಬೀಜ ವಿತರಣೆ, ಸಬ್ಸಿಡಿ ಅರ್ಜಿ, ಸಮೀಕ್ಷೆಯಲ್ಲೇ ದಿನ ಮುಗಿಯುತ್ತೆ. ಹಾಗಾಗಿ ಔಷಧ ಮಾರುವವನೇ ಸಲಹೆಗಾರ. ಕಡಿಮೆ ಹೊಡಿ ಅಂತ ಅವನ್ಯಾಕೆ ಹೇಳ್ತಾನೆ?

'ರೈತರ ಮಕ್ಕಳೇ ಕೃಷಿಗೆ ಬೆನ್ನು ಹಾಕಿದ್ರು' ಅನ್ನೋ ಭಾಷಣ ಪ್ರತಿ ಕೃಷಿ ಮೇಳದಲ್ಲೂ ಕೇಳ್ತೀವಿ. ಕೋಟಾ ಶೇ 40ರಿಂದ 50ಕ್ಕೆ ಏರಿದ್ದು ಒಳ್ಳೇದೇ, ನಾನೂ ಅದರ ಫಲಾನುಭವಿ. ಆದರೆ ಒಳಗೆ ಬರೋ ಬಾಗಿಲಷ್ಟೇ ಅಗಲ ಮಾಡಿ, ಹೊರಗೆ ಹೋದವರು ಊರಿಗೆ ವಾಪಸ್ ಬರಲಿ ಅಂದ್ರೆ ಯಾವ ಕೆಲಸಕ್ಕೆ ಬರಬೇಕು? ನಮ್ಮ ಬ್ಯಾಚಿನ ಬಹುತೇಕರು ಐಬಿಪಿಎಸ್ ಕೃಷಿ ಅಧಿಕಾರಿ ಪರೀಕ್ಷೆಗೆ ಓದ್ತಿದ್ದಾರೆ. ಅದು ಸಾಲ ಕೊಡುವ, ವಸೂಲಿ ಮಾಡುವ ಕೆಲಸ. ನಾನೇನೂ ಬೇರೆ ಅಲ್ಲ. ಎರಡೆಕರೆ ಒಣ ಜಮೀನಲ್ಲಿ ಆದರ್ಶ ಬೆಳೆಯಲ್ಲ.

ಖಾಲಿ ಹುದ್ದೆ ತುಂಬಲಿ. ಬೆಳೆ ರಕ್ಷಣೆಯ ಒಂದು ಪತ್ರಿಕೆಯನ್ನಾದರೂ ಕನ್ನಡದಲ್ಲಿ ಬರೆಸಲಿ. ಕಾರ್ಯಾನುಭವದ ಅಂಕದಲ್ಲಿ ಅರ್ಧ ಆ ಊರಿನ ರೈತರೇ ಕೊಡಲಿ, ಆಗ ಗೊತ್ತಾಗುತ್ತೆ.

ಆ ರೈತರು ಈಗಲೂ ವಾಟ್ಸಾಪ್‌ನಲ್ಲಿ ಎಲೆಯ ಫೋಟೊ ಕಳಿಸ್ತಾರೆ. ಕಳೆದ ವಾರ ಬಂದಾಗ ನಾನು ಕೋಚಿಂಗ್ ಕ್ಲಾಸಲ್ಲಿದ್ದೆ. ಸಂಜೆ ಉತ್ತರ ಬರೆದೆ. ಅವರು ಮಧ್ಯಾಹ್ನವೇ ಅಂಗಡಿಯಿಂದ ತಂದು ಹೊಡೆದಾಗಿತ್ತು.