ನಕ್ಷೆ ಸರಣಿ, ಭಾಗ 4: ಜಗಳಕ್ಕೆ ಮೊದಲು ಮ್ಯಾಪ್ ಓದಿ

ಹೋದ ವಾರ ಕ್ಯಾಂಟೀನಲ್ಲಿ ಜಗಳ. ವಿಷಯ ಬೇಡ್ತಿ-ವರದಾ ನದಿ ಜೋಡಣೆ. ಹಾನಗಲ್ ಕಡೆಯ ದೋಸ್ತ್ ಅಂದ, "ನಿಮ್ಮ ನೀರು ಸುಮ್ನ ಸಮುದ್ರಕ್ಕ ಹೋಗ್ತೈತಿ. ನಮ್ಮ ಬೋರ್ ಬತ್ತ್ಯಾವ. ಒಂದಿಷ್ಟು ಕೊಟ್ರ ಏನಾಗ್ತೈತಿ?" ನಾನು ಕಾಡು, ತೋಟ ಅಂತ ಕೂಗಾಡಿದೆ. ಪಕ್ಕದಲ್ಲಿ ಕೂತವಳು ಕೇಳಿದ್ಳು, "ಎರಡೂ ಹೊಳೆ ಮ್ಯಾಪಲ್ಲಿ ತೋರ್ಸಿ ನೋಡುವ." ಇಬ್ಬರಿಗೂ ಬರ್ಲಿಲ್ಲ. ಶಿರಸಿಯಲ್ಲೇ ಬೆಳೆದ ನನಗೂ!

ಬ್ಯಾಲೆನ್ಸ್ ಶೀಟ್ ಓದೋಕೆ ಬರದೆ ಕಂಪನಿ ಬಗ್ಗೆ ಭಾಷಣ ಮಾಡಿದ ಹಾಗಾಯ್ತು. ಮನೆಗೆ ಬಂದು ಟೋಪೋಶೀಟ್ ಹುಡುಕಿದೆ. ಸರ್ವೆ ಆಫ್ ಇಂಡಿಯಾ 1767ರಿಂದ ಇದೆ. 2017ರಲ್ಲಿ ಅವರು 'ನಕ್ಷೆ' ಅನ್ನೋ ಹೆಸರಲ್ಲೇ ಪೋರ್ಟಲ್ ಮಾಡಿ ಶೀಟ್‌ಗಳನ್ನ ಬಿಟ್ಟಿಯಾಗಿ ಕೊಟ್ರು.

ಮೂರು ಶಬ್ದ ಗೊತ್ತಿದ್ರೆ ಸಾಕು.

1. ಸ್ಕೇಲ್: 1:50,000 ಅಂದ್ರೆ ಶೀಟಿನ 1 ಸೆಂ.ಮೀ. ನೆಲದ ಮೇಲೆ 500 ಮೀಟರ್.

2. ಸಮೋನ್ನತಿ ರೇಖೆ: ಕಂದು ಬಣ್ಣದ ಗೆರೆ. ಒಂದು ಗೆರೆ ಮೇಲಿರೋ ಜಾಗ ಎಲ್ಲಾ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ರೆ ಕಡಿದಾದ ಇಳಿಜಾರು. ದೇವಿಮನೆ ಘಟ್ಟ ನೋಡಿ, ಗೆರೆ ಎಣಿಸೋಕೇ ಆಗೋದಿಲ್ಲ.

3. ಜಲವಿಭಾಜಕ: ಮಳೆನೀರು ಯಾವ ಕಡೆ ಹರೀಬೇಕು ಅಂತ ಬೇರೆ ಮಾಡೋ ಏರು. ಅದು ನಮ್ಮ ತಾಲೂಕಲ್ಲೇ ಇದೆ. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಅರಬ್ಬೀ ಸಮುದ್ರಕ್ಕೆ ಹೋಗ್ತದೆ. ವರದೆ ಸಾಗರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ಸುತ್ತಿ, ತುಂಗಭದ್ರೆ ಸೇರಿ ಕೊನೆಗೆ ಬಂಗಾಳ ಕೊಲ್ಲಿಗೆ! ಬೇಡ್ತಿ ಧಾರವಾಡದ ಕಡೆಯಿಂದ ಬಂದು, ಯಲ್ಲಾಪುರದ ಮಾಗೋಡಲ್ಲಿ ಧುಮುಕಿ, ಅಂಕೋಲೆಯಲ್ಲಿ ಗಂಗಾವಳಿ ಆಗ್ತದೆ.

ಈಗ ನನ್ನ ಅಭಿಪ್ರಾಯ. ನಾನು ಯೋಜನೆಗೆ ವಿರೋಧಿಯೇ, ಆದ್ರೆ ಈಗ ಕಾರಣ ಹೇಳೋಕೆ ಬರ್ತದೆ. ಬೇಡ್ತಿ ಕೊಳ್ಳದ ನೀರು ವರದೆಗೆ ತಾನಾಗೇ ಹೋಗೋದಿಲ್ಲ, ಏರು ದಾಟಿಸ್ಬೇಕು. ಅದಕ್ಕೆ ಅಣೆಕಟ್ಟು, ಪೈಪು, ಪಂಪು ಅಥವಾ ಸುರಂಗ ಬೇಕು. ಇಲ್ಲಿನ ಗುಡ್ಡ ಎಷ್ಟು ಗಟ್ಟಿ ಅನ್ನೋದನ್ನ 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ನೋಡಿದವರಿಗೆ ಹೇಳ್ಬೇಕಾಗಿಲ್ಲ. ಇನ್ನು "ಸುಮ್ನೆ ಸಮುದ್ರಕ್ಕೆ" ಅನ್ನೋದೂ ತಪ್ಪು. ಅಳಿವೆಯಲ್ಲಿ ಉಪ್ಪುನೀರನ್ನ ಹಿಂದೆ ತಳ್ಳೋದು ಈ ಸಿಹಿನೀರೇ. ಅದು ಕಮ್ಮಿ ಆದ್ರೆ ಗದ್ದೆ, ಬಾವಿಗೆ ಉಪ್ಪು ಬರ್ತದೆ, ಮೀನಿಗೂ ತೊಂದ್ರೆ.

ದೋಸ್ತಿಗೆ ಹಾನಗಲ್ ಶೀಟನ್ನೂ ತೋರಿಸಿದೆ. ಎಷ್ಟೊಂದು ಕೆರೆ, ನೀಲಿ ನೀಲಿ! "ಮೊದಲು ಇವುಗಳ ಹೂಳು ತೆಗೀರಿ" ಅಂದೆ. ಅವನು ಕೇಳಿದ, "ಮಳಿನ ಆಗ್ಲಿಲ್ಲಂದ್ರ ಕೆರಿ ಇದ್ದು ಏನ್ ಮಾಡೂದು?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅವನ ಬೋರ್ ಬತ್ತಿದ್ದೂ ಸುಳ್ಳಲ್ಲ. ಆದ್ರೆ ಈ ಸಲ ನಾವು ಕೂಗಾಡ್ಲಿಲ್ಲ, ಒಂದೇ ಶೀಟ್ ಮೇಲೆ ಬೆರಳಿಟ್ಟು ಮಾತಾಡಿದ್ವಿ. ಪರ ಇರಿ, ವಿರೋಧ ಇರಿ, ಸ್ಟೇಟಸ್ ಹಾಕೋ ಮೊದಲು ಇಷ್ಟಾದ್ರೂ ಮಾಡಿ ಮಾರಾಯ್ರೆ.

ಹೋಂವರ್ಕ್: ನಿಮ್ಮನೆ ಅಂಗಳದ ಮಳೆನೀರು ಯಾವ ಹಳ್ಳ, ಯಾವ ಹೊಳೆ ಸೇರಿ ಯಾವ ಸಮುದ್ರಕ್ಕೆ ಹೋಗ್ತದೆ? ಕಮೆಂಟಲ್ಲಿ ಬರೀರಿ. ಗೊತ್ತಿಲ್ದಿದ್ರೆ ಮನೆಯ ಅಜ್ಜನ್ನ ಕೇಳಿ, ಅವರಿಗೆ ಗೊತ್ತಿರ್ತದೆ.

#ನಕ್ಷೆಸರಣಿ #ಶಿರಸಿ #ಬೇಡ್ತಿವರದಾ